ಅಮ್ಮ 'ನಿಲ್ಸು' ಅಂದರೆ ಸಿನಿಮಾ ಚೆನ್ನಾಗಿದೆ ಅಂತ ಲೆಕ್ಕ

ಹನುಮಂತನಗರ, ಬೆಂಗಳೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಶಿವು,

ನಿನ್ನ ಪತ್ರ ಓದಿ ನಗು ಬಂತು, ಪಾಪ ಅಂತಲೂ ಅನ್ನಿಸಿತು. ಅಪ್ಪಾಜಿ ಕಾಲಿಗೆ ಪ್ಲಾಸ್ಟರ್, ಆರು ವಾರ ಮಂಚ ಬಿಟ್ಟು ಏಳುವ ಹಾಗಿಲ್ಲ, ಬೆಳಗ್ಗೆಯಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಹಾಕಿಕೊಂಡು ಮನೆಯವರನ್ನೆಲ್ಲ ಬೈಯುತ್ತಾರೆ. 'ನೀನು ಸಿನಿಮಾ, ಡಾಕ್ಯುಮೆಂಟರಿ ಅಂತ ಏನೇನೋ ನೋಡ್ತಿರ್ತೀಯಲ್ಲ, ಅವರಿಗೆ ಆಗೋವಂಥದ್ದು ಹೇಳು' ಅಂತ ಕೇಳಿದ್ದೀಯ. ಹೇಳುತ್ತೇನೆ. ಆದರೆ ನಾನೇನು ಸಿನಿಮಾ ತಿಳಿದವನಲ್ಲ ಅನ್ನುವುದು ನಿನಗೇ ಗೊತ್ತು. ಕಾಲೇಜಿನಲ್ಲಿದ್ದಾಗ ಬನಶಂಕರಿಯ ಸುಚಿತ್ರಾಗೆ ಹೋಗುತ್ತಿದ್ದೆವು, ನೆನಪಿದೆಯಾ? ಸಿನಿಮಾ ಮುಗಿದ ಕೂಡಲೇ ಮುಂದಿನ ಸಾಲಿನ ಗಡ್ಡದವರು ಚರ್ಚೆ ಶುರು ಮಾಡುತ್ತಿದ್ದರು. ನಾವು ಹಿಂದಿನಿಂದ ಮೆಲ್ಲಗೆ ಜಾರಿ ಬೋಂಡಾ ಗಾಡಿ ಹುಡುಕಿಕೊಂಡು ಹೋಗುತ್ತಿದ್ದೆವು. ಅದು 1971ರಿಂದ ನಡೆದು ಬಂದಿರುವ ಫಿಲಂ ಸೊಸೈಟಿ. ಇಷ್ಟು ವರ್ಷದಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹೋದವರ ಪಟ್ಟಿ ಮಾಡಿದರೆ ನಮ್ಮಿಬ್ಬರ ಹೆಸರು ಮೊದಲ ಪುಟದಲ್ಲೇ ಇರುತ್ತದೆ.

ಈಗ ನನ್ನ ಹತ್ತಿರ ಇರುವುದು ಒಂದೇ ಅಳತೆಗೋಲು. ಅಮ್ಮ.

ಅವಳಿಗೆ ಸುಮ್ಮನೆ ಕೂತು ಸಿನಿಮಾ ನೋಡಿ ಗೊತ್ತೇ ಇಲ್ಲ. ಕೈಯಲ್ಲಿ ಅವರೆಕಾಯಿಯೋ ಸೊಪ್ಪೋ ಇರಬೇಕು. ಸಿನಿಮಾ ಹಿಡಿಸದಿದ್ದರೆ ತಲೆ ಬಗ್ಗಿಸಿ ಸೊಪ್ಪು ಬಿಡಿಸುತ್ತಾಳೆ, ಅಷ್ಟೇ. ಹಿಡಿಸಿತೋ, 'ನಿಲ್ಸು ನಿಲ್ಸು' ಅನ್ನುತ್ತಾಳೆ. ನಾನು ರಿಮೋಟ್ ಒತ್ತುತ್ತೇನೆ. ಆಮೇಲೆ ಅವಳ ಕಥೆ ಶುರು. ಮೊದಮೊದಲು ನನಗೆ ಕೋಪ ಬರುತ್ತಿತ್ತು. ಈಗ ಒಂದು ಸಿನಿಮಾ ಎಷ್ಟು ಸಲ ನಿಂತಿತು ಅನ್ನುವುದರ ಮೇಲೇ ಅದಕ್ಕೆ ಮಾರ್ಕ್ಸ್ ಕೊಡುತ್ತೇನೆ.

ಆ ಲೆಕ್ಕದಲ್ಲಿ 'ತಿಥಿ' ಫಸ್ಟ್ ರ್‍ಯಾಂಕ್. ಎರಡು ಗಂಟೆ ಚಿಲ್ಲರೆಯ ಸಿನಿಮಾ, ನಮಗೆ ಮೂರು ಸಂಜೆ ಹಿಡಿಯಿತು. ಶುರುವಿನಲ್ಲೇ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ಸ್ವಲ್ಪ ಹೊತ್ತಿಗೆ ಸತ್ತೇ ಹೋಗುತ್ತಾನೆ, 101 ವರ್ಷಕ್ಕೆ. ಅಮ್ಮ ಅಲ್ಲೇ ನಿಲ್ಲಿಸಿದಳು. ಮದ್ದೂರು ಕಡೆಯ ಅವಳ ತವರಿನಲ್ಲಿ ಹೀಗೇ ಜಗಲಿ ಮೇಲೆ ಕೂತು ಊರನ್ನೆಲ್ಲ ಬೈಯುವ ದೊಡ್ಡಪ್ಪ ಒಬ್ಬರಿದ್ದರಂತೆ. ಅವರು ಬೈಯದ ದಿನ ಅಕ್ಕಪಕ್ಕದವರು 'ಯಾಕೋ ಗೌಡ್ರಿಗೆ ಮೈಗೆ ಹುಷಾರಿಲ್ಲ' ಅಂತ ಒಳಗೆ ಬಂದು ನೋಡುತ್ತಿದ್ದರಂತೆ. (ಅಪ್ಪಾಜಿ ಬೈಯುತ್ತಿದ್ದಾರೆ ಅಂದರೆ ಆರೋಗ್ಯ ಸರಿಯಾಗಿದೆ ಅಂತ ತಿಳಕೋ.)

ಸತ್ತವನ ಮಗ ಗಡ್ಡಪ್ಪ. ಅವನಿಗೆ ಅಪ್ಪನ ಸಾವೂ ಒಂದೇ, ಜಮೀನೂ ಒಂದೇ, ಹೊಲದಲ್ಲಿ ಅಲೆಯುವುದೂ ಒಂದೇ. ಮೊಮ್ಮಗ ತಮ್ಮಣ್ಣನಿಗೆ ಮಾತ್ರ ಜಮೀನು ಮಾರಬೇಕು. ಮಧ್ಯದಲ್ಲಿ ಅಪ್ಪ ಇರುವುದೇ ತೊಡಕು. ಅದಕ್ಕೆ ಬದುಕಿರುವ ಅಪ್ಪನಿಗೇ ಸುಳ್ಳು ಮರಣಪತ್ರ ಮಾಡಿಸುತ್ತಾನೆ! ಅಮ್ಮ ಇಲ್ಲಿ ನಿಲ್ಲಿಸಿದವಳು ಆ ಸಂಜೆ ಮತ್ತೆ ಶುರು ಮಾಡಲು ಬಿಡಲೇ ಇಲ್ಲ. ಮಾವ ಪೌತಿ ಖಾತೆ ಮಾಡಿಸಲು ಅಲೆದ ಕಥೆ, ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿ ಬಿದ್ದ ಕಥೆ, ಒಂದು ಕಚೇರಿಯಲ್ಲಿ 'ನಿಮ್ಮಪ್ಪ ಸತ್ತಿದ್ದಾರೆ ಅಂತ ನಮಗೇನು ಗ್ಯಾರಂಟಿ' ಅಂತ ಕೇಳಿದ ಕಥೆ. 'ಬದುಕಿರೋನ್ನ ಸಾಯ್ಸೋದು ಸಲೀಸು ಮಗಾ, ಸತ್ತೋನ್ನ ಸತ್ತ ಅಂತ ಬರ್ಸೋದೇ ಕಷ್ಟ' ಅಂದಳು. ನಿರ್ದೇಶಕ ರಾಮ್ ರೆಡ್ಡಿ, ಕಥೆಗೆ ಜೊತೆಯಾದವರು ಈರೇಗೌಡ. ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು. ಪಾತ್ರ ಮಾಡಿದವರು ಆ ಕಡೆಯ ಊರಿನವರೇ, ಒಬ್ಬರೂ ವೃತ್ತಿಯಿಂದ ನಟರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ಅಮ್ಮನಿಗೆ ಅದನ್ನು ಹೇಳಿದೆ. 'ಅವರಿಗೆ ನಮ್ಮ ಬೈಗುಳ ಹೆಂಗ್ಲಾ ತಿಳೀತು?' ಅಂತ ಕೇಳಿದಳು. ನಿಜವಾಗಲೂ ಒಳ್ಳೇ ಪ್ರಶ್ನೆ. ಸುಚಿತ್ರಾದ ಚರ್ಚೆಯಲ್ಲಿ ಯಾರೂ ಇದನ್ನು ಕೇಳುತ್ತಿರಲಿಲ್ಲ.

'ಶಿವಮ್ಮ' ನೋಡಿದಾಗಲೂ ಹೆಚ್ಚುಕಡಿಮೆ ಹೀಗೇ ಆಯಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಹಾಸಿಗೆ ಹಿಡಿದ ಗಂಡ. ಮಗಳ ಮದುವೆಗೆ ಇಟ್ಟ ದುಡ್ಡನ್ನು ಚೈನ್ ಬಿಸಿನೆಸ್ಸಿನ ಶಕ್ತಿಪೇಯಕ್ಕೆ ಸುರಿಯುತ್ತಾಳೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು, ಇಲ್ಲಿ ಟಾಕೀಸಿಗೆ ಬರಲು 2024 ಆಯಿತು. ನಿರ್ದೇಶಕ ಜೈಶಂಕರ್ ಆರ್ಯರ್ ಅವಳನ್ನು ಎಲ್ಲೂ ದಡ್ಡಿ ಅಂತ ತೋರಿಸುವುದಿಲ್ಲ. ನನಗೆ ಹಿಡಿಸಿದ್ದು ಅದೇ. ಎಂಥ ಹಠ ಅಂತೀಯ! ನಮ್ಮ ಚಿಕ್ಕಮ್ಮ ಇಂಥದ್ದೇ ಒಂದು ಪುಡಿ ಮಾರಲು ಹೋಗಿ ಬಳೆ ಅಡ ಇಟ್ಟದ್ದು ನಿನಗೂ ಗೊತ್ತಲ್ವಾ. ಸಿನಿಮಾ ಅರ್ಧ ಆದಾಗ ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಬರುವಾಗ ಕೈಯಲ್ಲಿ ಆ ಪುಡಿಯ ಡಬ್ಬ. ಈಗ ಅದರಲ್ಲಿ ಹುರಿಗಡಲೆ ಇದೆ. 'ಡಬ್ಬ ಮಾತ್ರ ಗಟ್ಟಿ' ಅಂದಳು.

ಡಾಕ್ಯುಮೆಂಟರಿ ಅಂದರೆ ಅಪ್ಪಾಜಿ ಮುಖ ತಿರುಗಿಸುತ್ತಾರೆ ಅಂತ ಬರೆದಿದ್ದೀಯ. ಅವರದು ತಪ್ಪಲ್ಲ. ನಮ್ಮ ಕಾಲದಲ್ಲಿ ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ಸರ್ಕಾರಿ ರೀಲುಗಳಿಗೆ ಆ ಹೆಸರಿತ್ತು. ಬೀಡಿ ಸೇದಿ ಬರಲು ಸಿಗುತ್ತಿದ್ದ ಟೈಮು ಅದು. 'ದಿ ಎಲಿಫೆಂಟ್ ವಿಸ್ಪರರ್ಸ್' ಹಾಕು, 40 ನಿಮಿಷದ ಆಸುಪಾಸು, ಊಟಕ್ಕೆ ಮುಂಚೆ ಮುಗಿಯುತ್ತದೆ. ಬಂಡೀಪುರ ದಾಟಿದರೆ ಸಿಗುವ ಮುದುಮಲೆಯ ಆನೆ ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ಅನ್ನುವ ಜೋಡಿ ರಘು ಅನ್ನುವ ಅನಾಥ ಮರಿಯನ್ನು ಸಾಕುತ್ತಾರೆ. 2023ರಲ್ಲಿ ಆಸ್ಕರ್ ಬಂತಲ್ಲ, ಅದೇ. ನನ್ನ ತಕರಾರು ಒಂದಿದೆ. ಎಲ್ಲ ಶಾಟಿನಲ್ಲೂ ಬಂಗಾರದ ಬಿಸಿಲು. ಸಗಣಿ ಎತ್ತುವುದು, ಮಳೆಯಲ್ಲಿ ನೆನೆಯುವುದು, ಕಾಡು ಕಾಯುವವರ ಬೇಸರ, ಇವು ಅಷ್ಟಾಗಿ ಕಾಣುವುದಿಲ್ಲ. ರಘುವನ್ನು ಬೇರೆಯವರ ಕೈಗೆ ಒಪ್ಪಿಸುವ ಜಾಗದಲ್ಲಿ ಮಾತ್ರ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಕರಾರನ್ನು ಒಳಗೇ ಇಟ್ಟುಕೊಂಡೆ.

ಅಪ್ಪಾಜಿ ರಾಜ್‌ಕುಮಾರ್ ಭಕ್ತರಾದ್ದರಿಂದ ಅಪ್ಪುವಿನ 'ಗಂಧದ ಗುಡಿ' ತೋರಿಸಲೇಬೇಕಾಗುತ್ತದೆ. ಅಣ್ಣಾವ್ರ 'ಗಂಧದ ಗುಡಿ' 1973ರದು, ಮಗನದು 2022ರ ಅಕ್ಟೋಬರ್ 28ಕ್ಕೆ ಬಂತು, ಅವರು ಹೋಗಿ ವರ್ಷ ತುಂಬುವ ಹಿಂದಿನ ದಿನ. ನಾನದನ್ನು ಟಾಕೀಸಿನಲ್ಲಿ ನೋಡಿದೆ. ಮೊದಲ ಐದು ನಿಮಿಷ ಶಿಳ್ಳೆ, ಹೂವು, ಜೈಕಾರ. ಆಮೇಲೆ ನಿಶ್ಶಬ್ದ. ಡ್ರೋನ್ ಹಾರಾಟ ಜಾಸ್ತಿಯಾಯಿತು, ಪ್ರವಾಸೋದ್ಯಮದ ಜಾಹೀರಾತಿನ ಹಾಗೆ ಕಾಣುವ ಜಾಗಗಳೂ ಇವೆ. ಆದರೆ ಹೀರೋ ಆಗಿದ್ದವರು ಹೀರೋ ಕೆಲಸ ಬಿಟ್ಟು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಕೇಳಿಕೊಂಡು ನಿರ್ದೇಶಕ ಅಮೋಘವರ್ಷರ ಹಿಂದೆ ಹಿಂದೆ ನಡೆಯುತ್ತಾರೆ. ಅಷ್ಟು ಸಾಕು ನನಗೆ.

ಈಗ ನಿಜವಾಗಿ ಹೇಳಬೇಕು ಅಂತಿದ್ದದ್ದಕ್ಕೆ ಬರುತ್ತೇನೆ. 'ಹನಿಲ್ಯಾಂಡ್' ಅಂತ ಒಂದು ಡಾಕ್ಯುಮೆಂಟರಿ ಇದೆ, 2019ರದು, ಉತ್ತರ ಮ್ಯಾಸಿಡೋನಿಯಾ ದೇಶದ್ದು. ಬೆಟ್ಟದ ಮೇಲೆ ಕರೆಂಟಿಲ್ಲದ, ಹೆಚ್ಚುಕಡಿಮೆ ಪಾಳುಬಿದ್ದ ಊರು. ಹತಿಜೆ ಅನ್ನುವ ಐವತ್ತು ದಾಟಿದ ಹೆಂಗಸು, ಅವಳ ಮುದಿ ತಾಯಿ, ಇಬ್ಬರೇ. ಬಂಡೆ ಸಂದಿಯಿಂದ, ಗೋಡೆ ಬಿಲದಿಂದ ಜೇನು ತೆಗೆದು ಪಟ್ಟಣಕ್ಕೆ ನಡೆದು ಹೋಗಿ ಮಾರುತ್ತಾಳೆ. ತೆಗೆಯುವಾಗ ಹುಳುಗಳಿಗೆ ಹೇಳುತ್ತಾಳೆ, ಅರ್ಧ ನನಗೆ, ಅರ್ಧ ನಿಮಗೆ.

ನನಗೆ ಒಂದು ಭಯ ಇತ್ತು. ಅವರು ಮಾತಾಡುವುದು ಹಳೆಯ ತುರ್ಕಿ ಭಾಷೆ, ಕೆಳಗೆ ಬರುವುದು ಇಂಗ್ಲಿಷು, ಅಮ್ಮನಿಗೆ ಎರಡೂ ಬಾರದು. ಸಾಲು ಸಾಲಿಗೆ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹತ್ತು ನಿಮಿಷ ಆಗಿರಬೇಕು, 'ನೀ ಸುಮ್ಕಿರು, ನಂಗೆ ತಿಳೀತದೆ' ಅಂದಳು. ತಿಳಿಯುತ್ತಲೂ ಇತ್ತು! ಹತಿಜೆ ಪಟ್ಟಣದಲ್ಲಿ ತಲೆಗೆ ಹಚ್ಚುವ ಬಣ್ಣ ಕೊಂಡಾಗ ನಿಲ್ಲಿಸಿದಳು. 'ಯಾರೂ ಇಲ್ಲದ ಊರು, ಆದ್ರೂ ಬಣ್ಣ ಬೇಕು ನೋಡು, ಅದು ಸರಿ' ಅಂದಳು. ಪಕ್ಕಕ್ಕೆ ಮಕ್ಕಳು ಮರಿ, ದನ ಕರು ಕಟ್ಟಿಕೊಂಡು ಒಂದು ಸಂಸಾರ ಬಂದಾಗ 'ಇವನು ಅರ್ಧ ಬಿಡೋನಲ್ಲ' ಅಂದಳು. ಬಿಡಲಿಲ್ಲ. ಅವನು ತನ್ನ ಪೆಟ್ಟಿಗೆಯ ಜೇನನ್ನೆಲ್ಲ ಬಳಿದು ಮಾರುತ್ತಾನೆ, ಹಸಿದ ಅವನ ಹುಳು ಹತಿಜೆಯ ಹುಳುಗಳ ಮೇಲೆ ಬೀಳುತ್ತವೆ. ಅವನೂ ಕೆಟ್ಟವನಲ್ಲ ಕಣೋ. ಏಳು ಮಕ್ಕಳ ತಂದೆ, ಸಾಲ, ಬೆನ್ನು ಹತ್ತಿದ ವ್ಯಾಪಾರಿ. ಅಮ್ಮ ಅವನನ್ನೂ ಬೈಯಲಿಲ್ಲ.

ಆಮೇಲೆ ನಾನು ಓದಿದೆ. ಇದನ್ನು ತೆಗೆದವರಿಗೂ ಆ ಭಾಷೆ ಬರುತ್ತಿರಲಿಲ್ಲವಂತೆ! ಮೂರು ವರ್ಷದಲ್ಲಿ 400 ಗಂಟೆಗೂ ಹೆಚ್ಚು ಚಿತ್ರೀಕರಿಸಿ, ಎಡಿಟಿಂಗ್ ಶುರು ಮಾಡಿದ್ದು ಮಾತಿನ ಅರ್ಥ ನೋಡದೆ, ಬರೀ ಚಿತ್ರ ನೋಡಿಕೊಂಡು. ಮುಖ, ಕೈ, ನಡಿಗೆಯಲ್ಲೇ ಕಥೆ ನಿಲ್ಲಬೇಕು ಅಂತ. ನಮ್ಮಮ್ಮ ಅಷ್ಟು ದೂರದ ಹೆಂಗಸಿನ ಮನೆಯೊಳಗೆ ಭಾಷೆ ಇಲ್ಲದೆ ಹೋಗಿ ಕೂತದ್ದು ಹೇಗೆ ಅಂತ ಆಗ ಗೊತ್ತಾಯಿತು. ಅಲ್ಲಿಂದ ನನಗೆ ಒಂದು ಚಾಳಿ ಹತ್ತಿದೆ. ಯಾವುದೇ ಡಾಕ್ಯುಮೆಂಟರಿ ಹಾಕಿದರೂ ನಡುವೆ ಎರಡು ನಿಮಿಷ ಮ್ಯೂಟ್ ಮಾಡುತ್ತೇನೆ. ಡೇವಿಡ್ ಅಟೆನ್‌ಬರೋ ದನಿಯ 'ವೈಲ್ಡ್ ಕರ್ನಾಟಕ' ಹೀಗೆ ನೋಡಿದಾಗ ನಮ್ಮದೇ ಕಾಡು ಇನ್ನೂ ಹತ್ತಿರ ಬಂದ ಹಾಗಾಯಿತು. ಆ ಅಜ್ಜನ ದನಿ ಅಷ್ಟು ಚೆನ್ನಾಗಿದ್ದೂ, ಅದಿದ್ದಾಗ ನಾಗರಹೊಳೆ ಯಾವುದೋ ಪರದೇಶ ಅನ್ನಿಸುತ್ತಿತ್ತು. ಕೆಲವು ಡಾಕ್ಯುಮೆಂಟರಿಗಳಂತೂ ಮ್ಯೂಟ್ ಮಾಡಿದರೆ ಏನೂ ಉಳಿಯುವುದಿಲ್ಲ, ಪಿಟೀಲೇ ಅಳುತ್ತಿತ್ತು ಅಂತ ಗೊತ್ತಾಗುತ್ತದೆ.

'ಆಲ್ ದಟ್ ಬ್ರೀದ್ಸ್' ಈ ಪರೀಕ್ಷೆಯಲ್ಲಿ ಪಾಸು. ದೆಹಲಿಯ ಅಣ್ಣ ತಮ್ಮಂದಿರು, ಸೋಪಿನ ಡಬ್ಬ ತಯಾರಿಸುವ ನೆಲಮಾಳಿಗೆಯಲ್ಲೇ ಗಾಯಗೊಂಡ ಹದ್ದುಗಳಿಗೆ ಆಸ್ಪತ್ರೆ ನಡೆಸುತ್ತಾರೆ. ಮಾಂಸ ತಿನ್ನುವ ಹಕ್ಕಿ ಅಂತ ಬೇರೆ ಆಸ್ಪತ್ರೆ ಸೇರಿಸಿಕೊಳ್ಳದ್ದರಿಂದ ಇವರು ಶುರು ಮಾಡಿದ್ದು. ಶೌನಕ್ ಸೇನ್ ತೆಗೆದದ್ದು, 2022. ಒಂದು ಹದ್ದು ಹುಡುಗನ ಕನ್ನಡಕ ಕಿತ್ತುಕೊಂಡು ಹೋಗುತ್ತದೆ, ನಕ್ಕು ಸಾಕಾಯಿತು. ನಿಧಾನ ಜಾಸ್ತಿ, ಅಪ್ಪಾಜಿಗೆ ಬೇಡ. ಆದರೆ ಮಾರನೇ ದಿನ ಕೆ.ಆರ್. ಮಾರ್ಕೆಟ್ಟಿಗೆ ಹೂವು ತರಲು ಹೋದ ಅಮ್ಮ ಮೇಲೆ ಸುತ್ತುವ ಹದ್ದು ನೋಡುತ್ತಾ ನಿಂತು, ಹಿಂದಿನವರಿಂದ ಬೈಸಿಕೊಂಡಳು.

'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' ಬಗ್ಗೆ ನೀನು ಕೇಳಿದ್ದೆ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾನ್ ಪ್ರೀ ಪ್ರಶಸ್ತಿ ಗೆದ್ದದ್ದು. ನನಗೆ ಮೊದಲರ್ಧ ತುಂಬಾ ಇಷ್ಟ, ಮುಂಬಯಿಯ ಮಳೆ, ಲೋಕಲ್ ಟ್ರೇನು, ನರ್ಸಮ್ಮಂದಿರು. ಊರಿಗೆ ಹೋದ ಮೇಲೆ ಸ್ವಲ್ಪ ತೂಕಡಿಸಿದೆ, ಸುಳ್ಳು ಯಾಕೆ ಹೇಳಲಿ. ಜರ್ಮನಿಯಲ್ಲಿರುವ ಗಂಡನ ಕಡೆಯಿಂದ ಅಂತ ಬಂದ ರೈಸ್ ಕುಕ್ಕರನ್ನು ಅವರಲ್ಲೊಬ್ಬ ನರ್ಸಮ್ಮ ರಾತ್ರಿ ತಬ್ಬಿಕೊಳ್ಳುವುದನ್ನು ನೋಡಿ ಅಮ್ಮ ಬರೀ 'ಅಯ್ಯೋ' ಅಂದಳು. ಒಂದೇ ಒಂದು ಅಯ್ಯೋ.

ಕೊನೆಗೆ 'ಘಟಶ್ರಾದ್ಧ'. ನನ್ನ ಅಳತೆಗೋಲು ಮುರಿದದ್ದು ಅದರಲ್ಲೇ. ಗಿರೀಶ್ ಕಾಸರವಳ್ಳಿ ಅದನ್ನು ತೆಗೆದದ್ದು 1977ರಲ್ಲಿ. ಹೊಸದಾಗಿ ತೊಳೆದು ಸರಿಪಡಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಾವು ನೋಡಿದ್ದು ಹಳೆಯ ಮಬ್ಬು ಪ್ರತಿ. ವಿಧವೆ ಯಮುನಕ್ಕ ಬಸುರಾಗುತ್ತಾಳೆ, ಅವಳು ಬದುಕಿರುವಾಗಲೇ ಅಪ್ಪ ಶ್ರಾದ್ಧ ಮಾಡಿ ಮುಗಿಸುತ್ತಾನೆ. ಪಾಠಶಾಲೆಗೆ ಬಂದ ಪುಟ್ಟ ನಾಣಿ ಎಲ್ಲವನ್ನೂ ನೋಡುತ್ತಾನೆ. ಅಮ್ಮ ಒಂದು ಸಲವೂ ನಿಲ್ಲಿಸು ಅನ್ನಲಿಲ್ಲ. ಹಿಡಿಸಲಿಲ್ಲವೇನೋ ಅಂತ ತಿರುಗಿ ನೋಡಿದೆ. ಮಡಿಲಲ್ಲಿ ಬಿಡಿಸದ ಅವರೆಕಾಯಿ ಹಾಗೇ ಇತ್ತು. ಮುಗಿದ ಮೇಲೆ ಎದ್ದು ಚಪ್ಪಲಿ ಮೆಟ್ಟಿ ಬಾಗಿಲು ತೆಗೆದಳು. ರಾತ್ರಿ ಹತ್ತೂವರೆ. ನಾನೂ ಹಿಂದೆಯೇ ಹೋದೆ. ರಾಮಾಂಜನೇಯ ಗುಡ್ಡದ ತನಕ ಹೋಗಿ ಬಂದೆವು, ಇಬ್ಬರೂ ಮಾತಾಡಲಿಲ್ಲ. ತವರಿನ ಯಾವ ಕಥೆ ಅವಳ ಬಾಯಿಗೆ ಬಂದು ಹಾಗೇ ಒಳಗೆ ಹೋಯಿತೋ, ನಾನು ಕೇಳಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, 'ತಿಥಿ'ಯಿಂದ ಶುರು ಮಾಡು, ರಿಮೋಟು ಅಪ್ಪಾಜಿ ಕೈಯಲ್ಲೇ ಇರಲಿ. 'ಘಟಶ್ರಾದ್ಧ' ಮಾತ್ರ ಪ್ಲಾಸ್ಟರ್ ಬಿಚ್ಚುವ ತನಕ ಬೇಡ. ಅದು ಮುಗಿದ ಮೇಲೆ ಮನುಷ್ಯನಿಗೆ ಎದ್ದು ಓಡಾಡಲು ಆಗಬೇಕು.

ನಿನ್ನ,
ಮಂಜು