ರಾಜ್ಯೋತ್ಸವಕ್ಕೆ ಕಾನ್ಹೇರಿಗೆ ಬನ್ನಿ

ಮಾನ್ಯರೇ,

ಮುಂಬೈನ ಕನ್ನಡ ಸಂಘಗಳಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮನವಿ. ಈ ಸಲ ರಾಜ್ಯೋತ್ಸವದ ತಿಂಗಳಲ್ಲಿ ಒಂದು ಭಾನುವಾರ ಕಾನ್ಹೇರಿ ಗುಹೆಗಳಿಗೆ ಹೋಗೋಣ.

ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡೊಳಗೆ, ಕಪ್ಪು ಬಂಡೆಯ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿವೆ. ಹೆಚ್ಚಿನವರು 3ನೇ ಗುಹೆಯ ಎತ್ತರದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ನಮ್ಮವರು ಇನ್ನೊಂದಿಷ್ಟು ನಡೆದು 11ನೇ ಗುಹೆಗೆ ಹೋಗಬೇಕು. ಅದಕ್ಕೆ ದರ್ಬಾರ್ ಗುಹೆ ಅಂತಾರೆ. ಒಳಗೆ ಉದ್ದಕ್ಕೂ ಎರಡು ಸಾಲು ತಗ್ಗಾದ ಕಲ್ಲಿನ ಜಗಲಿ, ಹಿಂದುಗಡೆ ಬುದ್ಧನ ಗುಡಿ. ಹೊರಗಿನ ಬಿಸಿಲಿಂದ ಬಂದವರಿಗೆ ನೆಲ ತಣ್ಣಗೆ ತಾಗುತ್ತದೆ.

ಅಲ್ಲೊಂದು ಸಂಸ್ಕೃತ ಶಾಸನವಿದೆ. ಶಕ 775, ಅಂದರೆ ಕ್ರಿ.ಶ. 853ರ ಸುಮಾರಿನದು. ಅದರಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ, ಅವನ ಸಾಮಂತ ಶಿಲಾಹಾರ ಕಪರ್ದಿಯ ಹೆಸರೂ ಇದೆ. ವಿಹಾರದ ದುರಸ್ತಿಗೆ, ಪುಸ್ತಕ ಕೊಳ್ಳುವುದಕ್ಕೆ ಹಣ ಕೊಟ್ಟ ವಿವರವಿದೆ. ಕಾಡಿನ ನಡುವೆ ಓದುವ ಭಿಕ್ಷುಗಳಿಗೆ ಪುಸ್ತಕದ ದುಡ್ಡು! ನಾನು ಸೇಡಂ ಕಡೆಯವಳು. ಅಮೋಘವರ್ಷನ ರಾಜಧಾನಿ ಮಳಖೇಡ ನಮ್ಮ ತಾಲ್ಲೂಕಿನಲ್ಲೇ, ಕಾಗಿಣಾ ದಂಡೆಯಲ್ಲಿದೆ. ಅವನ ಹೆಸರು ಇಲ್ಲಿ, ನಾನು ದುಡಿದು ಬದುಕಿದ ಊರಿನ ಬಂಡೆಯ ಮೇಲೆ ಇದೆ ಎಂದು ತಿಳಿದಾಗ ಆದ ಸಂತೋಷ ನಮ್ಮ ಮಕ್ಕಳಿಗೂ ಸಿಗಲಿ ಎಂಬ ಆಸೆ. ಕನ್ನಡ ಶಾಲೆಗಳ ಮಕ್ಕಳನ್ನಂತೂ ಕರೆದುಕೊಂಡು ಬರಲೇಬೇಕು.

ಇನ್ನೊಂದು ಮಾತು. ಗುಹೆಗಳ ಪಕ್ಕದಲ್ಲಿ ನೀರಿನ ತೊಟ್ಟಿಗಳಿವೆ. ಮಳೆನೀರು ಹರಿದು ಬರಲಿ ಅಂತ ಬಂಡೆಯಲ್ಲೇ ಸಣ್ಣ ಕಾಲುವೆ ಕೊರೆದಿದ್ದಾರೆ. ಈಗ ಕೆಲವು ತೊಟ್ಟಿಗಳಲ್ಲಿ ಚಿಪ್ಸ್ ಪ್ಯಾಕೆಟ್ಟು ತೇಲುತ್ತವೆ. ಗೋಡೆಗಳ ಮೇಲೆ ಕೀಲಿಯಿಂದ ಗೀಚಿದ ಹೆಸರುಗಳು ಬೇರೆ. ಶಾಸನವಿರುವ ಕಲ್ಲಿಗೆ ಹೀಗೆ ಮಾಡಲು ಮನಸ್ಸಾದರೂ ಹೇಗೆ ಬರುತ್ತದೆ? ಸಂಘದಿಂದ ಹೋದವರು ಚೀಲ ಹಿಡಿದು ಕಸ ಆರಿಸಿದರೆ ಎಷ್ಟೋ ಉಪಕಾರ.

ಮಳೆ ಮುಗಿದು ಕಾಡು ಹಸಿರಾಗಿರುವ ನವೆಂಬರ್ ಒಳ್ಳೆಯ ಕಾಲ. ಸೋಮವಾರ ಮಾತ್ರ ಬೇಡ, ಅಂದು ಉದ್ಯಾನಕ್ಕೆ ರಜೆ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲೇ ಗುಡ್ಡ ಹತ್ತಬಹುದು. ಶಾಸನ ಓದಿ ಅರ್ಥ ಹೇಳಬಲ್ಲ ಪ್ರಾಧ್ಯಾಪಕರೊಬ್ಬರನ್ನು ಸಂಘದವರು ಗೊತ್ತು ಮಾಡಲಿ. ಮಕ್ಕಳಿಗೆ ಬುತ್ತಿ ಕಟ್ಟಿಕೊಡುವ ಕೆಲಸ ನಮ್ಮ ಮಹಿಳಾ ಬಳಗದ್ದು.

– ನಿವೃತ್ತ ಶಿಕ್ಷಕಿ, ಬೊರಿವಲಿ ಪೂರ್ವ, ಮುಂಬೈ