ಅಟ್ಟದ ಮೇಲಿನ ಕ್ಯಾಸೆಟ್‌ಗಳು

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನು, ಅಪ್ಪ, ದೊಡ್ಡಮ್ಮ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಫೋನಿನಲ್ಲಿ ಮಾತಾಡುವಾಗ ಅರ್ಧ ವಿಷಯ ಬಿಟ್ಟುಹೋಗುತ್ತೆ, ಅದಕ್ಕೇ ಈ ಪತ್ರ. ಸಾಗರದ ಮನೆಯ ಅಟ್ಟದಿಂದ ತಂದಿದ್ದ ವಿಡಿಯೋ ಕ್ಯಾಸೆಟ್‌ಗಳಲ್ಲಿ ಚೆನ್ನಾಗಿದ್ದವನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಾಯಿತು. ಚಿಕ್ಕಪ್ಪನ ಮದುವೆ ಕ್ಯಾಸೆಟ್‌ನಲ್ಲಿ ಅಜ್ಜಿ ಇದ್ದಾಳೆ ಅಮ್ಮ!

ಹಿತ್ತಲ ಚಪ್ಪರದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಾಳೆ. ವಿಡಿಯೋದವನು ದೊಡ್ಡ ಲೈಟ್ ಹಿಡಿದು ಹತ್ತಿರ ಹೋಗುತ್ತಾನೆ. ಅಜ್ಜಿ ಹಣೆಗೆ ಕೈ ಅಡ್ಡ ಇಟ್ಟು ಅವನನ್ನು ನೋಡಿ, "ಆಸ್ರಿಗೆ ಆತಾ ತಮಾ?" ಅಂತ ತಿಂಡಿ-ಕಾಫಿ ವಿಚಾರಿಸುತ್ತಾಳೆ. ಅವನು ಏನು ಹೇಳಿದನೋ ಕೇಳಿಸಲ್ಲ, ಅಷ್ಟರಲ್ಲಿ ಹಾಡು ಶುರುವಾಗಿಬಿಡುತ್ತೆ. ಆ ಕಾಲದ ಮದುವೆ ಕ್ಯಾಸೆಟ್‌ಗಳಲ್ಲಿ ನನಗೆ ಜಾಸ್ತಿ ಬೇಜಾರಾಗೋದೇ ಇದು. ಮಿಕ್ಸಿಂಗ್ ಮಾಡುವಾಗ ಎಲ್ಲರ ಮಾತು ತೆಗೆದು ಸಿನಿಮಾ ಹಾಡು ತುಂಬಿದ್ದಾರೆ. ಧಾರೆಯ ಮಂತ್ರ ಇಲ್ಲ, ವಾಲಗ ಇಲ್ಲ, ಹೆಂಗಸರು ಹೇಳಿದ ಹಾಡೂ ಇಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋ ಸಂದಿನಲ್ಲಿ ಅಜ್ಜಿಯ ಈ ಒಂದು ಮಾತು ಉಳಿದುಕೊಂಡಿದೆ. ಅದೇ ಸಂದಿನಲ್ಲಿ ಹಿಂದುಗಡೆಯಿಂದ ಅಜ್ಜ "ಬಾಳೆಲೆ ಬಂತಾ?" ಅಂತ ಯಾರನ್ನೋ ಕೇಳುತ್ತಿದ್ದಾರೆ. ಅಜ್ಜನ ಫೋಟೋ ನಮ್ಮಲ್ಲಿ ಬೇಕಾದಷ್ಟಿವೆ. ದನಿ ಇರೋದು ಇದೊಂದೇ ಕಡೆ, ಅಲ್ವಾ?

ಮಿಕ್ಸಿಂಗ್ ಆಗದ ಮೂಲ ಕ್ಯಾಸೆಟ್ ಚಿಕ್ಕಪ್ಪನ ಮನೆಯಲ್ಲಿ ಎಲ್ಲಾದರೂ ಇದೆಯಾ ಅಂತ ದಯವಿಟ್ಟು ಕೇಳು. ಅದು ಸಿಕ್ಕಿದರೆ ಎಲ್ಲರ ದನಿಯೂ ಸಿಗುತ್ತೆ.

ಅಣ್ಣ ಅಮೆರಿಕಕ್ಕೆ ಒಯ್ದಿದ್ದು ಇವೇ ಕ್ಯಾಸೆಟ್‌ಗಳನ್ನೇ. ಅಲ್ಲಿಯ ವಿಸಿಆರ್‌ನಲ್ಲಿ ಚಿತ್ರ ನಿಲ್ಲಲೇ ಇಲ್ಲ, ಕ್ಯಾಸೆಟ್ ಕೆಟ್ಟಿದೆ ಅಂದುಕೊಂಡೆವು. ಕೆಟ್ಟಿರಲಿಲ್ಲ ಅಮ್ಮ. ನಮ್ಮದು ಪಾಲ್ ಅನ್ನೋ ಟಿವಿ ಪದ್ಧತಿ, ಸೆಕೆಂಡಿಗೆ 25 ಚಿತ್ರ, 625 ಗೆರೆ. ಅಮೆರಿಕದ್ದು ಎನ್‌ಟಿಎಸ್‌ಸಿ, ಸೆಕೆಂಡಿಗೆ ಸುಮಾರು 30 ಚಿತ್ರ, 525 ಗೆರೆ. ಇಂಗ್ಲೆಂಡಿನದೂ ಪಾಲ್ ಆಗಿರೋದರಿಂದ ಇಲ್ಲಿಯ ಹಳೇ ವಿಸಿಆರ್‌ಗೆ ಹಾಕಿದ ಕೂಡಲೇ ಚಿತ್ರ ಬಂತು. ಅದರ ಹಳದಿ, ಕೆಂಪು, ಬಿಳಿ ವೈರುಗಳನ್ನು ವಿಡಿಯೋವನ್ನು ಕಂಪ್ಯೂಟರ್ ಫೈಲ್ ಮಾಡೋ ಒಂದು ಚಿಕ್ಕ ಕ್ಯಾಪ್ಚರ್ ಡಬ್ಬಿಗೆ ಸಿಕ್ಕಿಸಿ, ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸೇರಿಸಿದರೆ ಆಯಿತು. ಆದರೆ ಅವಸರ ನಡೆಯಲ್ಲ. ಮೂರು ಗಂಟೆಯ ಕ್ಯಾಸೆಟ್ ಇಳಿಸಲು ಮೂರು ಗಂಟೆಯೇ ಬೇಕು.

ಊರಿನಲ್ಲಿ ಒಂದು ಕಡೆ ಮಾಡಿಸಿದ್ದ ಡಿವಿಡಿಯಲ್ಲಿ ಎಲ್ಲರೂ ದಪ್ಪಗೆ, ಗಿಡ್ಡಗೆ ಕಾಣುತ್ತಾರೆ ಅಂತ ದೊಡ್ಡಮ್ಮ ಬೇಜಾರು ಮಾಡಿಕೊಂಡಿದ್ದರಲ್ಲ. ಹಳೇ ಟಿವಿಯ ಅಳತೆ 4:3. ಅದನ್ನು ಎಳೆದು ಈಗಿನ ಅಗಲ ಟಿವಿಯ 16:9ಕ್ಕೆ ಕೂರಿಸಿದ್ದರಿಂದ ಹಾಗಾಗಿತ್ತು. ನಾನು ಹಳೇ ಅಳತೆಯಲ್ಲೇ ಬಿಟ್ಟಿದ್ದೇನೆ. ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ, ಆದರೆ ದೊಡ್ಡಮ್ಮ ಇದ್ದ ಹಾಗೇ ಕಾಣುತ್ತಾರೆ. ಮೂಲ ಪ್ರತಿಯನ್ನು ಡಿವಿ ಅನ್ನೋ, ಹೆಚ್ಚು ಒತ್ತದ ರೂಪದಲ್ಲಿ ಇಟ್ಟಿದ್ದೇನೆ, ಗಂಟೆಗೆ ಸುಮಾರು 13 ಜಿಬಿ ಆಗುತ್ತೆ. ನಿಮಗೆ ನೋಡೋಕೆ ಚಿಕ್ಕ ಎಂಪಿ4 ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಕಳಿಸುತ್ತೇನೆ. ವಾಟ್ಸಾಪ್‌ನಲ್ಲಿ ಬೇಡ, ಅದು ಇನ್ನೂ ಒತ್ತಿ ಮಸುಕು ಮಾಡುತ್ತೆ.

ಅಣ್ಣನ ಉಪನಯನದ ಕ್ಯಾಸೆಟ್ ಪೂರ್ತಿ ಸಿಗಲಿಲ್ಲ. ಅದರ ಮೇಲೆ ಯಾರೋ 1996ರ ವರ್ಲ್ಡ್ ಕಪ್‌ನಲ್ಲಿ ಬೆಂಗಳೂರಿನಲ್ಲಿ ಆದ ಭಾರತ-ಪಾಕಿಸ್ತಾನ ಮ್ಯಾಚ್ ರೆಕಾರ್ಡ್ ಮಾಡಿದ್ದಾರೆ. ಮ್ಯಾಚ್ ರೆಕಾರ್ಡಿಂಗ್ ನಿಂತ ಮೇಲೆ ಸ್ವಲ್ಪ ಹೊತ್ತು ಬರೀ ಚುಕ್ಕೆ. ಆಮೇಲೆ ಇದ್ದಕ್ಕಿದ್ದ ಹಾಗೆ ಅಣ್ಣ, ಬೋಳಿಸಿದ ತಲೆ, ಕೈಯಲ್ಲಿ ದಂಡ, ನಿನ್ನ ಮುಂದೆ "ಭವತಿ ಭಿಕ್ಷಾಂ ದೇಹಿ" ಅನ್ನುತ್ತಾ ನಿಂತಿದ್ದಾನೆ. ನೀನು ಅಕ್ಕಿ ಹಾಕುವಾಗ ಅಳುತ್ತಿದ್ದೀಯ. ಅಣ್ಣನಿಗೆ ಆ ತುಣುಕು ಆಗಲೇ ಕಳಿಸಿದೆ. ಮನೆಯಲ್ಲಿ ಉಳಿದಿರೋ ಕ್ಯಾಸೆಟ್‌ಗಳ ಬೆನ್ನಿನ ಮೂಲೆಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತೆ, ಅದನ್ನು ಮುರಿದುಬಿಡಲು ಅಪ್ಪನಿಗೆ ಹೇಳು. ಆಮೇಲೆ ಅದರ ಮೇಲೆ ರೆಕಾರ್ಡ್ ಆಗಲ್ಲ.

ಇನ್ನು ಬೂಸ್ಟು ಹಿಡಿದ ಕ್ಯಾಸೆಟ್‌ಗಳ ವಿಷಯ. ಮುಚ್ಚಳದ ಕಿಟಕಿಯಲ್ಲಿ ನೋಡಿದರೆ ಟೇಪಿನ ಅಂಚಿಗೆ ಬಿಳಿ ಪುಡಿ ಕಾಣುತ್ತೆ. ಟೇಪ್ ಅಂದರೆ ತೆಳ್ಳನೆ ಪ್ಲಾಸ್ಟಿಕ್ ಪಟ್ಟಿ, ಮೇಲೆ ಅಂಟಿನಲ್ಲಿ ಕೂರಿಸಿದ ಕಬ್ಬಿಣದ ಆಕ್ಸೈಡ್ ಪುಡಿ. ಚಿತ್ರ ಇರೋದು ಆ ಪುಡಿಯಲ್ಲಿ. ಮಲೆನಾಡಿನ ಮಳೆಗಾಲದ ಥಂಡಿಗೆ ಆ ಅಂಟು ಸಡಿಲಾಗುತ್ತೆ, ಬೂಸ್ಟೂ ಬೆಳೆಯುತ್ತೆ. ಅಂಥದನ್ನು ದಯವಿಟ್ಟು ವಿಸಿಆರ್‌ಗೆ ಹಾಕಬೇಡಿ. ಟೇಪ್ ಹರಿಯಬಹುದು, ಬೂಸ್ಟು ಒಳಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹತ್ತುತ್ತೆ. ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗೂ ಇಡಬೇಡ, ಬಿಸಿಗೆ ಟೇಪ್ ಸೊಟ್ಟಗಾಗುತ್ತೆ. ಬೇರೆ ಡಬ್ಬಿಯಲ್ಲಿ, ಒಣಗಿದ ಜಾಗದಲ್ಲಿ ನಿಲ್ಲಿಸಿ ಇಡು. ಚಿಕ್ಕಮ್ಮನ ಮಗ ಜನವರಿಯಲ್ಲಿ ಬರುವಾಗ ಕೈಚೀಲದಲ್ಲೇ ತರಲಿ. ಅದನ್ನು ಬಿಚ್ಚಿ ಸ್ವಚ್ಛ ಮಾಡುವವರು ಇಲ್ಲಿದ್ದಾರೆ.

ಅಮ್ಮ, ಎಲ್ಲಕ್ಕಿಂತ ಅವಸರದ ಕೆಲಸ ನಿನ್ನದು ಮತ್ತು ದೊಡ್ಡಮ್ಮನದು. ಮದುವೆ ಮನೆಯಲ್ಲಿ ಕಾಣೋ ಮುಖಗಳಲ್ಲಿ ಅರ್ಧಕ್ಕರ್ಧ ನನಗೆ ಯಾರೆಂದು ಗೊತ್ತಿಲ್ಲ. ಧಾರೆಯ ಹೊತ್ತಿಗೆ ಎರಡನೇ ಸಾಲಿನಲ್ಲಿ ದೊಡ್ಡ ಮೂಗುಬೊಟ್ಟು ಇಟ್ಟುಕೊಂಡು ಕೂತವರು ಯಾರು? ಅಜ್ಜಿಯ ಕಿವಿಯಲ್ಲಿ ಏನೋ ಹೇಳಿ ನಗಿಸುತ್ತಾರೆ. ಬಡಿಸುವಾಗ ಪಾಯಸದ ಪಾತ್ರೆ ಹಿಡಿದ ಎತ್ತರದ ಹುಡುಗ ಯಾರು? ನೀವಿಬ್ಬರೂ ಟಿವಿ ಮುಂದೆ ಕೂತು, ನಿಲ್ಲಿಸಿ ನಿಲ್ಲಿಸಿ ನೋಡಿ, ಹೆಸರು, ಊರು, ನಮಗೆ ಏನಾಗಬೇಕು ಅನ್ನೋದನ್ನ ಹೇಳುತ್ತಾ ಹೋಗಿ. ಅಪ್ಪ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಟೇಪಿನ ಕೆಲಸ ದುಡ್ಡು ಕೊಟ್ಟರೆ ಯಾರಾದರೂ ಮಾಡಿಕೊಡುತ್ತಾರೆ, ಈ ಹೆಸರುಗಳು ನಿಮ್ಮಿಬ್ಬರಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ದೊಡ್ಡಮ್ಮನಿಗೆ ಕಣ್ಣಿನ ಆಪರೇಶನ್ ಆದ ಮೇಲೆ ಅಂತ ಮುಂದೆ ಹಾಕಬೇಡಿ. ದನಿ ಕೇಳಿದರೂ ಅವರಿಗೆ ಗುರುತು ಹತ್ತುತ್ತೆ.

ಮತ್ತೆ, ಮನೆಯ ಹಳೇ ವಿಸಿಆರ್‌ನ ಗುಜರಿಗೆ ಹಾಕಬೇಡಿ ಅಂತ ಅಪ್ಪನಿಗೆ ಹೇಳು. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಓಡದಿದ್ದರೂ ಅದರ ಬಿಡಿಭಾಗ ನನಗೆ ಬೇಕಾಗಬಹುದು.

ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇತಿ, ನಿನ್ನ ಮಗಳು