ವಿಂಧ್ಯಗಿರಿ ಹತ್ತುವ ಹಟ ಬೇಡಮ್ಮ

ಕಾಸೆಲ್, ಜರ್ಮನಿ

ಅಪ್ಪ, ಅಮ್ಮ ಇಬ್ಬರಿಗೂ ನಮಸ್ಕಾರ. ನಾನು ಕ್ಷೇಮ. ಅಜ್ಜಿಯನ್ನೂ ಮಧುವನ್ನೂ ಕೇಳಿದೆ ಅಂತ ಹೇಳಿ.

ಅಪ್ಪ, ನಿಮ್ಮ ಕಾಗದ ಓದಿದಾಗಿನಿಂದ ಬೇರೆ ಯೋಚನೆಯೇ ಇಲ್ಲ. ನನ್ನ ಕೆಲಸ ಖಾಯಂ ಆದರೆ ನಡೆದೇ ಶ್ರವಣಬೆಳಗೊಳದ ವಿಂಧ್ಯಗಿರಿ ಬೆಟ್ಟ ಹತ್ತುತ್ತೇನೆಂದು ಅಮ್ಮ ಹರಕೆ ಹೊತ್ತದ್ದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಮಂಡಿನೋವು ಇಳಿಯುವವರೆಗೆ ಸುದ್ದಿಯನ್ನೇ ತಿಳಿಸುತ್ತಿರಲಿಲ್ಲ.

ಅಮ್ಮ, ಬೆಳಗೊಳಕ್ಕೆ ಹೋಗಬೇಡ ಅನ್ನುತ್ತಿಲ್ಲ. ಆದರೆ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ! ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಮಹಡಿ ಮೆಟ್ಟಿಲೇ ಬೇಡ ಅಂದಿದ್ದಾರಲ್ಲ ಡಾಕ್ಟರು? ಡೋಲಿ ಮಾಡೋಣ ಅಂದರೆ "ನಾಲ್ಕು ಜನರ ಹೆಗಲ ಮೇಲೆ ಈಗಲೇ ಯಾಕೆ ಹೋಗಲಿ" ಅಂದೆಯಂತೆ. ನಗಲಿ ಅಂತ ಅಪ್ಪ ಬರೆದಿದ್ದಾರೆ, ನನಗೆ ನಿದ್ದೆ ಬರಲಿಲ್ಲ. "ಗೊಮ್ಮಟನ ಮೊದಲ ಅಭಿಷೇಕದ ಕಥೆಯ ಗುಳ್ಳಕಾಯಜ್ಜಿ ನನಗಿಂತ ದೊಡ್ಡವಳು, ಹಾಲು ಹಿಡಿದು ಹತ್ತಲಿಲ್ಲವೇ" ಅಂತ ಬೇರೆ ವಾದ! ಆ ಅಜ್ಜಿಯ ಮಂಡಿಯ ಎಕ್ಸ್‌ರೇ ನೋಡಿದವರು ಯಾರು? ಧರ್ಮಸ್ಥಳದಲ್ಲಾದರೆ ಬಾಹುಬಲಿ ಇರುವ ಬೆಟ್ಟದ ಮೇಲಕ್ಕೆ ಗಾಡಿಯೇ ಹೋಗುತ್ತದೆ. ಬೆಳಗೊಳದ ಹರಕೆ ಅಲ್ಲಿ ತೀರದು ಅನ್ನುತ್ತೀ, ಗೊತ್ತು.

ಇಲ್ಲೂ ಬೆಟ್ಟದ ಮೇಲೊಬ್ಬ ಬೆತ್ತಲೆ ವೀರ ಇದ್ದಾನೆ, ಹರ್ಕ್ಯುಲಿಸ್. 1717ರಲ್ಲಿ ನಿಲ್ಲಿಸಿದ್ದಂತೆ. ಬೇಸಿಗೆಯಲ್ಲಿ ಬುಧವಾರ, ಭಾನುವಾರ ಅವನ ಕಾಲಬುಡದಿಂದ ನೀರು ಬಿಡುತ್ತಾರೆ. ಪಂಪಿಲ್ಲದೆ ಅದರಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿನ ಅರಮನೆಯ ಕಡೆಗೆ ಇಳಿಯುವುದನ್ನು ನೋಡಲು ಊರಿಗೆ ಊರೇ ಸೇರುತ್ತದೆ. ಎಪ್ಪತ್ತು ದಾಟಿದವರೂ ಕೈಗೆರಡು ಕೋಲು ಹಿಡಿದು ಗುಡ್ಡ ಹತ್ತುತ್ತಾರೆ. (ಇದನ್ನು ನಿನಗೆ ಬರೆಯಬಾರದಿತ್ತು. ಅವರ ಕಾಲಲ್ಲಿ ದಪ್ಪ ಬೂಟು ಇರುತ್ತದೆ, ನೆನಪಿರಲಿ.) ಆಫೀಸಿನವರು ಬಹಳ ಹೆಮ್ಮೆಯಿಂದ ತೋರಿಸಿದರು. ನಾನೂ ಬಿಡಲಿಲ್ಲ, ಗೊಮ್ಮಟನ ಫೋಟೊ ತೆಗೆದು ತೋರಿಸಿದೆ. ನಿಮ್ಮವನು ತಾಮ್ರದ ತಗಡು, 27 ಅಡಿ. ನಮ್ಮವನು ಒಂದೇ ಕಲ್ಲು, 57 ಅಡಿ, ಚಾವುಂಡರಾಯ ಮಾಡಿಸಿ ಸಾವಿರ ವರ್ಷ ದಾಟಿತು ಅಂದೆ. ತೊಡೆ, ತೋಳಿಗೆ ಹಬ್ಬಿದ ಬಳ್ಳಿಯನ್ನೂ ಪಾದದ ಹತ್ತಿರ ಹುತ್ತದಿಂದ ತಲೆಹಾಕಿದ ಹಾವುಗಳನ್ನೂ ದೊಡ್ಡದು ಮಾಡಿ ನೋಡಿ, ಆಧಾರ ಇಲ್ಲದೆ ಹೇಗೆ ನಿಂತಿದ್ದಾನೆ ಅಂತ ಕೇಳಿದರು. ತೊಡೆಯಿಂದ ಮೇಲಕ್ಕೆ ಯಾವ ಆಸರೆಯೂ ಇಲ್ಲ ಅಂತ ಹೇಳುವಾಗ ನನ್ನ ದನಿ ಸ್ವಲ್ಪ ಜೋರೇ ಆಗಿತ್ತು. ಪಾದದ ಪಕ್ಕದ "ಶ್ರೀ ಚಾವುಂಡರಾಜಂ ಮಾಡಿಸಿದಂ" ಅನ್ನುವ ಸಾಲನ್ನು ಅಪ್ಪ ಬೆರಳಿಟ್ಟು ಓದಿಸಿದ್ದರಲ್ಲ, ಅದನ್ನೂ ಹೇಳಿದೆ. ಅರ್ಥವಾಗಲಿಲ್ಲ ಬಿಡಿ.

ಹೋಗಲೇಬೇಕೆಂದಿದ್ದರೆ ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳಿ, ಬೆಳಕು ಹರಿಯುತ್ತಲೇ ಹೊರಡಿ. ಬಂಡೆ ಕಾದರೆ ಕಾಲಿಡಲಾಗದು, ದಪ್ಪ ಕಾಲುಚೀಲ ಇಟ್ಟುಕೋ. ಮೊದಲ ಹತ್ತು ಮೆಟ್ಟಿಲು ನಡೆದು ಹರಕೆ ತೀರಿಸು, ಆಮೇಲೆ ಡೋಲಿ. ಗೊಮ್ಮಟ ಲೆಕ್ಕ ಕೇಳುವವನಲ್ಲ, ಎಲ್ಲ ಬಿಟ್ಟು ನಿಂತವನು. ಮಧು, ನೀನು ಪಕ್ಕ ಬಿಟ್ಟು ಅಲ್ಲಾಡಬೇಡ. ಡೋಲಿಗೆ ಅಂತಲೇ ದುಡ್ಡು ಹಾಕಿದ್ದೇನೆ, ಬೇರೆ ಖರ್ಚಿಗೆ ಮುಟ್ಟಬೇಡಿ. 2030ರ ಮಹಾಮಸ್ತಕಾಭಿಷೇಕಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಆಣೆ.

ನನ್ನ ಚಿಂತೆ ಬೇಡ. ಊಟ ಚೆನ್ನಾಗಿದೆ, ಸಾರಿನಪುಡಿ ಇನ್ನೂ ಇದೆ, ಚಳಿಯೂ ಇಲ್ಲ, ಕೆಮ್ಮೂ ಇಲ್ಲ, ಇದ್ದದ್ದೂ ಹೋಯಿತು. ಟ್ರಾಮ್ ಬಂತು, ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ. ಡಾಕ್ಟರನ್ನು ಕೇಳದೆ ಹೊರಡಬೇಡಿ.

ನಿಮ್ಮ
ಸುಮ